ಸಣ್ಣ ಪೆಟ್ಟಿಗೆಯಲ್ಲಿ 37.8 ಡಿಗ್ರಿ: ಕಲರ್ ಫಿಲ್ಮ್ ತೊಳೆಯುವವರಿಗೆ ಕಾವಿನ ಲೆಕ್ಕ

ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನದಲ್ಲಿ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ) 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಆ ಕಾವಿನಲ್ಲಿ 3 ನಿಮಿಷ 15 ಸೆಕೆಂಡ್ ಕೆಲಸ ಮಾಡಬೇಕು. ಫಿಲ್ಮ್ ಕಂಪನಿ ಕೊಡಾಕ್ ಕೊಡುವ ರಿಯಾಯಿತಿ 0.15 ಡಿಗ್ರಿ ಆಚೀಚೆ, ಅಷ್ಟೇ. ಇದನ್ನು ಓದಿದ ಕೂಡಲೇ ತುಂಬಾ ಜನ ದೊಡ್ಡ ಹೀಟರ್ ಹುಡುಕಲು ಹೊರಡುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಹುಡುಕಬೇಕಾದದ್ದು ಒಂದು ಒಳ್ಳೆಯ ಮುಚ್ಚಳ.

ನಾನು ಬಳಸುವ ಸೆಟಪ್ ಮೇಜಿನ ಒಂದು ಮೂಲೆಯಲ್ಲಿ ಕೂರುವಷ್ಟು ಚಿಕ್ಕದು. ಒಂದು ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಸರಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ 6 ಲೀಟರ್ ನೀರು. ನೀರಿನಲ್ಲಿ ಮುಳುಗುವ 300 ವ್ಯಾಟ್ ಹೀಟರ್, ಒಂದು ಪುಟ್ಟ ಪಂಪ್, ಸೆನ್ಸರ್ ಇರುವ ಡಿಜಿಟಲ್ ಕಂಟ್ರೋಲರ್. ಡೆವಲಪರ್ ಮತ್ತು ಅದರ ನಂತರ ಬಳಸುವ ಬ್ಲೀಚ್, ಫಿಕ್ಸರ್ ರಾಸಾಯನಿಕಗಳ ಬಾಟಲಿಗಳು ಈ ನೀರಿನಲ್ಲಿ ನಿಲ್ಲುತ್ತವೆ. ರಾಸಾಯನಿಕದೊಳಗೆ ಹೀಟರ್ ಇಳಿಸುವ ಮಾತೇ ಇಲ್ಲ. ಹೀಟರಿನ ಮೈಗೆ ತಾಗುವ ಡೆವಲಪರ್ ಉಳಿದದ್ದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ಬೇಗ ಹಾಳಾಗುತ್ತದೆ. ನೀರು ಮಧ್ಯೆ ಇದ್ದರೆ ಆ ಭಯವಿಲ್ಲ.

ಮೊದಲು ವ್ಯಾಟ್ ಲೆಕ್ಕ ನೋಡೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. 6 ಲೀಟರನ್ನು 25 ಡಿಗ್ರಿಯಿಂದ 38ಕ್ಕೆ ತರಲು ಸುಮಾರು 327 ಕಿಲೋಜೂಲ್. ಕಾವು ಎಲ್ಲೂ ಸೋರಿಹೋಗದಿದ್ದರೆ 300 ವ್ಯಾಟ್ ಹೀಟರ್ ಈ ಕೆಲಸವನ್ನು 18 ನಿಮಿಷದಲ್ಲಿ ಮುಗಿಸುತ್ತದೆ. 1000 ವ್ಯಾಟಿನದು ಐದೂವರೆ ನಿಮಿಷದಲ್ಲಿ. ಆದರೆ ಅಷ್ಟು ಅವಸರ ಯಾಕೆ? ಬಾಟಲಿಯೊಳಗಿನ ಡೆವಲಪರ್ ಬಿಸಿಯಾಗಲು ಹೇಗಿದ್ದರೂ ಅರ್ಧ ಗಂಟೆ ಹಿಡಿಯುತ್ತದೆ. ಇನ್ನೂ ಬೇಗ ಆಗಬೇಕು ಅನ್ನುವವರಿಗೆ ಸುಲಭದ ದಾರಿ ಇದೆ. 25 ಡಿಗ್ರಿಯ 5 ಲೀಟರ್ ನೀರಿಗೆ ಕುದಿಯುವ 1 ಲೀಟರ್ ನೀರು ಬೆರೆಸಿ. ಲೆಕ್ಕದ ಪ್ರಕಾರ 37.5 ಡಿಗ್ರಿ ಬರುತ್ತದೆ, ಡಬ್ಬ ಸ್ವಲ್ಪ ಹೀರಿಕೊಂಡರೂ 37ರ ಹತ್ತಿರ ನಿಲ್ಲುತ್ತದೆ. ಮಿಕ್ಕ ಒಂದು ಡಿಗ್ರಿಯಷ್ಟನ್ನು ಹೀಟರ್ ನೋಡಿಕೊಳ್ಳುತ್ತದೆ.

ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಹೀಟರ್ ಇನ್ನೊಂದು ತೊಂದರೆಯನ್ನೂ ತರುತ್ತದೆ. ಸೆನ್ಸರ್ 38 ತೋರಿಸಿ ಹೀಟರ್ ಆಫ್ ಆದಮೇಲೂ ಅದರ ಮೈಯಲ್ಲಿ ಉಳಿದ ಕಾವು ನೀರಿಗೆ ಇಳಿಯುತ್ತಲೇ ಇರುತ್ತದೆ. ನೀರು ಕಡಿಮೆ ಇದ್ದಷ್ಟೂ ಗುರಿ ದಾಟಿ ಮೇಲೆ ಹೋಗುವುದು ಜಾಸ್ತಿ. 300 ವ್ಯಾಟಿನಲ್ಲಿ ಈ ಏರು ಅಷ್ಟಾಗಿ ಕಾಣುವುದಿಲ್ಲ. ಪಿಐಡಿ ಕಂಟ್ರೋಲರ್ ಇದ್ದರೆ ಗುರಿ ಹತ್ತಿರ ಬಂದಂತೆ ಅದೇ ಹೀಟರನ್ನು ಬಿಟ್ಟು ಬಿಟ್ಟು ಉರಿಸುತ್ತದೆ. ಆಟೋಟ್ಯೂನ್ ಮಾಡುವಾಗ (ಕಂಟ್ರೋಲರ್ ತನ್ನನ್ನು ತಾನೇ ಹೊಂದಿಸಿಕೊಳ್ಳುವಾಗ) ಬಾಟಲಿ, ನೀರು, ಮುಚ್ಚಳ ಎಲ್ಲವೂ ನಿಜವಾದ ಕೆಲಸದ ದಿನ ಇರುವ ಹಾಗೇ ಇರಲಿ. ಬರೀ ನೀರಿಟ್ಟು ಟ್ಯೂನ್ ಮಾಡಿದರೆ ಬಾಟಲಿ ಇಟ್ಟಾಗ ಅದರ ನಡವಳಿಕೆಯೇ ಬೇರೆ ಆಗುತ್ತದೆ.

ಸಾದಾ ಆನ್-ಆಫ್ ಥರ್ಮೋಸ್ಟಾಟ್ ಇದ್ದರೂ ಚಿಂತೆ ಬೇಡ. ಹೊರಗಿನ ನೀರು ಅರ್ಧ ಡಿಗ್ರಿ ಏರಿಳಿದರೂ ಬಾಟಲಿಯೊಳಗಿನ ದ್ರವ ಅಷ್ಟು ಬೇಗ ಅಲುಗಾಡುವುದಿಲ್ಲ. ಅದು ನಡುವಿನ ಒಂದು ಮಟ್ಟ ಹಿಡಿದು ನಿಲ್ಲುತ್ತದೆ. ಆದರೆ ಮೀನಿನ ತೊಟ್ಟಿಯ ಹೀಟರ್ ತರುವ ಮುಂಚೆ ಅದರ ಡಯಲ್ ನೋಡಿ. ತುಂಬಾ ಹೀಟರುಗಳು 32 ಅಥವಾ 34 ಡಿಗ್ರಿಗೆ ನಿಂತುಬಿಡುತ್ತವೆ, ಅವು ಈ ಕೆಲಸಕ್ಕೆ ಬರುವುದಿಲ್ಲ. ಸೂ ವೀಡ್ ಸ್ಟಿಕ್ (ಅಡುಗೆಗೆಂದು ನೀರನ್ನು ಒಂದೇ ಕಾವಿನಲ್ಲಿಡುವ ಸಾಧನ) ಇದ್ದರೆ ಹೀಟರ್, ಪಂಪ್, ಕಂಟ್ರೋಲರ್ ಮೂರೂ ಒಂದರಲ್ಲೇ ಸಿಕ್ಕ ಹಾಗೆ. ಅದಕ್ಕೆ ಬೇಕಾದ ಕನಿಷ್ಠ ನೀರಿನ ಆಳ ನಿಮ್ಮ ಡಬ್ಬದಲ್ಲಿ ಸಿಗುತ್ತದಾ ಅಂತ ಮಾತ್ರ ಮೊದಲೇ ಅಳೆದು ನೋಡಿ.

ಈಗ ಮುಚ್ಚಳದ ವಿಷಯ. ಬೆಚ್ಚಗಿನ ನೀರು ಕಾವನ್ನು ಕಳೆದುಕೊಳ್ಳುವುದು ಮುಖ್ಯವಾಗಿ ಮೇಲ್ಮೈಯಿಂದ, ಅದೂ ಆವಿಯಾಗಿ. ಗಂಟೆಗೆ 100 ಮಿಲಿಲೀಟರ್ ನೀರು ಆವಿಯಾದರೂ ಸಾಕು, ಸುಮಾರು 67 ವ್ಯಾಟ್ ಬಿಡದೆ ಗಾಳಿಗೆ ಹೋಗುತ್ತಿರುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಜಾಸ್ತಿ. ಡಬ್ಬದ ಗೋಡೆಗೆ ಎಷ್ಟು ದಪ್ಪ ಥರ್ಮೋಕೋಲ್ ಸುತ್ತಿದರೂ ಮೇಲೆ ತೆರೆದಿದ್ದರೆ ಈ ನಷ್ಟ ನಿಲ್ಲುವುದಿಲ್ಲ. ಒಂದು ಥರ್ಮೋಕೋಲ್ ಹಲಗೆ ತೆಗೆದುಕೊಳ್ಳಿ. ಬಾಟಲಿಗಳ ಕತ್ತಿನ ಅಳತೆಗೆ ತೂತು ಕೊರೆಯಿರಿ. ಅದನ್ನು ನೀರಿನ ಮೇಲೆ ತೇಲುವ ಹಾಗೆ ಇಡಿ. ಬಾಟಲಿಗಳೂ ನೆಟ್ಟಗೆ ನಿಲ್ಲುತ್ತವೆ, ಹಬೆಯೂ ಏಳುವುದಿಲ್ಲ. ಒಮ್ಮೆ 38 ಮುಟ್ಟಿದಮೇಲೆ ಹೀಟರಿನ ದೀಪ ಎಷ್ಟು ಹೊತ್ತು ಉರಿಯುತ್ತದೆ ನೋಡುತ್ತಿರಿ. ಮುಚ್ಚಳ ತೆಗೆದಾಗ ಮತ್ತು ಹಾಕಿದಾಗ ಎಷ್ಟು ವ್ಯತ್ಯಾಸ ಅಂತ ಕಣ್ಣಾರೆ ಕಾಣುತ್ತದೆ.

ಪಂಪ್ ಇಲ್ಲದಿದ್ದರೆ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ನಿಲ್ಲುತ್ತದೆ. ಆಗ ಕಂಟ್ರೋಲರ್ ತೋರಿಸುವ ಸಂಖ್ಯೆಗೆ ಅರ್ಥವಿಲ್ಲ. ಪಂಪಿನ ನೀರು ಹೀಟರಿನ ಮೈ ಸವರಿಕೊಂಡು ಬಾಟಲಿಗಳ ಕಡೆ ಹೋಗಲಿ. ಸೆನ್ಸರ್ ಹೀಟರಿನಿಂದ ದೂರ, ಡೆವಲಪರ್ ಬಾಟಲಿಯ ಪಕ್ಕದಲ್ಲಿರಲಿ. ಬಾಟಲಿಗಳು ಗೋಡೆಗೆ ಅಂಟಿಕೊಂಡಿರಬಾರದು, ಸುತ್ತಲೂ ನೀರು ಓಡಾಡಬೇಕು. ಬಾಟಲಿ ಸಣಕಲಾಗಿದ್ದಷ್ಟೂ ಒಳ್ಳೆಯದು, ಕಾವು ಬೇಗ ನಡುವಿನವರೆಗೆ ಮುಟ್ಟುತ್ತದೆ. ಸ್ಟೀಲ್ ಬಾಟಲಿಯಲ್ಲಿ ಪ್ಲಾಸ್ಟಿಕ್‌ಗಿಂತ ಬೇಗ ಕಾಯುತ್ತದೆ.

ಕರೆಂಟಿನ ಜಾಗ್ರತೆ ಇಲ್ಲೇ ಹೇಳಿಬಿಡುತ್ತೇನೆ. ಒದ್ದೆ ಕೈ, ಉಪ್ಪು ಬೆರೆತ ರಾಸಾಯನಿಕ, ಹೀಟರ್, ಮೂರೂ ಒಂದೇ ಮೇಜಿನ ಮೇಲಿವೆ. ಅರ್ಥಿಂಗ್ ಇರುವ ಸಾಕೆಟ್ ಮತ್ತು 30 ಮಿಲಿಆಂಪಿಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನೀರಿನೊಳಗೆ ಕೈ ಇಡುವ ಮುಂಚೆ ಪ್ಲಗ್ ಕಿತ್ತುಬಿಡಿ. ವೈರು ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಮೇಲೇರಲಿ, ಆಗ ಅದರ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ನೀರಿನ ಮಟ್ಟ ಹೀಟರಿನ ಗುರುತಿಗಿಂತ ಇಳಿಯಬಾರದು.

ಇಷ್ಟೆಲ್ಲ ಮಾಡಿದಮೇಲೂ ಫಿಲ್ಮ್ ಕೆಡುವ ಜಾಗ ಬೇರೆಯೇ ಇದೆ. ಅದು ಟ್ಯಾಂಕ್, ಅಂದರೆ ಫಿಲ್ಮನ್ನು ರೀಲಿಗೆ ಸುತ್ತಿಟ್ಟು ತೊಳೆಯುವ, ಬೆಳಕು ಹೋಗದ ಡಬ್ಬಿ. ಬಾಟಲಿಯಲ್ಲಿ 38 ಡಿಗ್ರಿ ಇದ್ದ ಡೆವಲಪರ್ ಟ್ಯಾಂಕಿಗೆ ಬಿದ್ದಮೇಲೆ ಎಷ್ಟಿರುತ್ತದೆ? ಟ್ಯಾಂಕ್ ಮತ್ತು ರೀಲ್ ಸೇರಿ 200 ಗ್ರಾಂ ಪ್ಲಾಸ್ಟಿಕ್ ಅಂದುಕೊಳ್ಳಿ. ಪ್ಲಾಸ್ಟಿಕ್ ತನ್ನ ತೂಕದ ಮೂರನೇ ಒಂದರಷ್ಟು ನೀರು ಹೀರುವಷ್ಟೇ ಕಾವನ್ನು ಹೀರುತ್ತದೆ. ಅಂದರೆ 25 ಡಿಗ್ರಿಯ ಸುಮಾರು 67 ಮಿಲಿಲೀಟರ್ ನೀರನ್ನು ನಿಮ್ಮ 250 ಮಿಲಿಲೀಟರ್ ಡೆವಲಪರಿಗೆ ಬೆರೆಸಿದಂತೆ. ಲೆಕ್ಕ ಹಾಕಿದರೆ 35.3 ಡಿಗ್ರಿ ಬರುತ್ತದೆ. ಅಷ್ಟೂ ಒಂದೇ ಸಲಕ್ಕೆ ಇಳಿಯದಿದ್ದರೂ ಆ ಮೂರೂಕಾಲು ನಿಮಿಷದಲ್ಲಿ ಇಳಿಯುತ್ತಾ ಹೋಗುತ್ತದೆ. ಹೊರಗೆ 0.15 ಡಿಗ್ರಿಗಾಗಿ ಒದ್ದಾಡಿ ಒಳಗೆ ಎರಡು ಡಿಗ್ರಿ ಬಿಟ್ಟುಕೊಟ್ಟರೆ ಏನು ಲಾಭ, ಅಲ್ವಾ?

ಡೆವಲಪರ್ ಕಡಿಮೆ ಹಿಡಿಯುವ ಟ್ಯಾಂಕಿನಲ್ಲಿ ಇದರ ಹೊಡೆತ ಜಾಸ್ತಿ. ಕೈಯಲ್ಲಿ ತಿರುವಿ ಹಾಕುವ ಪ್ಯಾಟರ್ಸನ್ ಟ್ಯಾಂಕಿಗೆ ಒಂದು 35 ಎಂಎಂ ರೋಲಿಗೆ 290 ಮಿಲಿಲೀಟರ್ ಬೇಕು. ಜೋಬೋ 1510 ಟ್ಯಾಂಕನ್ನು ಮಲಗಿಸಿ ಉರುಳಿಸಿದರೆ 140 ಮಿಲಿಲೀಟರ್ ಸಾಕು. ರಾಸಾಯನಿಕ ಉಳಿಯುತ್ತದೆ, ಆದರೆ ಆ 140 ಮಿಲಿಲೀಟರ್ ಟ್ಯಾಂಕ್ ಹೇಳಿದ ಹಾಗೆ ಕೇಳುತ್ತದೆ. ಅದಕ್ಕೇ ಉರುಳಿಸುವ ಯಂತ್ರಗಳಲ್ಲಿ ಟ್ಯಾಂಕ್ ಬಿಸಿನೀರಿನಲ್ಲಿ ಅರ್ಧ ಮುಳುಗಿಕೊಂಡೇ ತಿರುಗುತ್ತದೆ. ಮೇಜಿನ ಮೇಲೆ ಗಾಳಿಯಲ್ಲಿ ಉರುಳಿಸುವವರು ಟ್ಯಾಂಕಿನ ಹೊರಮೈಯನ್ನು ಬಟ್ಟೆಯಿಂದ ಒರೆಸಿಕೊಳ್ಳಿ. ಒದ್ದೆ ಮೈ ಆರುವಾಗ ಒಳಗಿನ ಕಾವನ್ನೂ ಎಳೆದುಕೊಂಡು ಹೋಗುತ್ತದೆ.

ಪರಿಹಾರ ಸರಳ. ಫಿಲ್ಮ್ ತುಂಬಿದ ಟ್ಯಾಂಕನ್ನು ಐದು ನಿಮಿಷ ಬಿಸಿನೀರಿನಲ್ಲಿ ಉರುಳಿಸಿ. ಆಮೇಲೆ 38-39 ಡಿಗ್ರಿಯ ಸಾದಾ ನೀರು ತುಂಬಿ ಒಂದು ನಿಮಿಷ ಆಡಿಸಿ, ಚೆನ್ನಾಗಿ ಬಸಿದು ತೆಗೆಯಿರಿ. ಒಣ ಟ್ಯಾಂಕನ್ನು ಹೊರಗಿನಿಂದ ಮಾತ್ರ ಕಾಯಿಸಿದರೆ ಒಳಗಿನ ಗಾಳಿ ಅಡ್ಡ ಬರುತ್ತದೆ, ರೀಲಿನವರೆಗೆ ಕಾವು ನಿಧಾನಕ್ಕೆ ಹೋಗುತ್ತದೆ. ನೀರು ರೀಲನ್ನೂ ಫಿಲ್ಮನ್ನೂ ನೇರವಾಗಿ ಮುಟ್ಟುತ್ತದೆ. ಹತ್ತು ಸೆಕೆಂಡ್ ತಲೆಕೆಳಗೆ ಹಿಡಿದು ಒದರಿದರೆ ಡೆವಲಪರಿಗೆ ಸೇರುವ ನೀರು ತೀರಾ ಕಡಿಮೆ.

ಇದು ಸರಿಯಾಗಿ ಆಗುತ್ತಿದೆಯಾ ಅಂತ ತಿಳಿಯಲು ಒಂದು ನೀರಿನ ರಿಹರ್ಸಲ್ ಮಾಡಿ. ಖಾಲಿ ರೀಲ್ ಹಾಕಿದ ಟ್ಯಾಂಕಿಗೆ ಡೆವಲಪರ್ ಬದಲು ಅಷ್ಟೇ ಅಳತೆಯ ನೀರು ಹಾಕಿ, 3 ನಿಮಿಷ 15 ಸೆಕೆಂಡ್ ಉರುಳಿಸಿ. ಹಾಕುವಾಗಿನ ಮತ್ತು ಹೊರಗೆ ಸುರಿಯುವಾಗಿನ ಡಿಗ್ರಿ ಬರೆದಿಟ್ಟುಕೊಳ್ಳಿ. 38.1ಕ್ಕೆ ಹೋಗಿ 37.5ಕ್ಕೆ ಬಂದರೆ ಸರಾಸರಿ 37.8, ಸರಿಯಾಗಿದೆ. 38ಕ್ಕೆ ಹೋಗಿ 36.5ಕ್ಕೆ ಬಂದರೆ ಟ್ಯಾಂಕ್ ಇನ್ನೂ ತಣ್ಣಗಿತ್ತು ಅಂತ ಅರ್ಥ. ಡೆವಲಪರನ್ನು ಇನ್ನೂ ಬಿಸಿ ಮಾಡಿ ಇದನ್ನು ಸರಿದೂಗಿಸಲು ಹೋಗಬೇಡಿ, ಟ್ಯಾಂಕನ್ನು ಇನ್ನಷ್ಟು ಕಾಯಿಸಿ. ಕಲರ್ ಫಿಲ್ಮಿನಲ್ಲಿ ಮೂರು ಬಗೆಯ ಬಣ್ಣದ ಪದರಗಳು ಒಂದರ ಮೇಲೊಂದು ಇರುತ್ತವೆ, ನೀಲಿಗೆ ಸ್ಪಂದಿಸುವುದು ಮೇಲೆ, ಕೆಂಪಿಗೆ ಸ್ಪಂದಿಸುವುದು ತಳದಲ್ಲಿ. ಕಾವು ಏರುಪೇರಾದರೆ ಮೂರೂ ಒಂದೇ ಸಮ ಬೆಳೆಯುವುದಿಲ್ಲ. ನೆರಳಿನಲ್ಲಿ ಒಂದು ಛಾಯೆ, ಬೆಳಕಿನಲ್ಲಿ ಇನ್ನೊಂದು ಛಾಯೆ ಬಂದುಬಿಡುತ್ತದೆ. ಸ್ಕ್ಯಾನ್ ಮಾಡಿ ತಿದ್ದಲು ಕೂತರೆ ಒಂದನ್ನು ಸರಿಮಾಡುವಾಗ ಇನ್ನೊಂದು ಕೆಡುತ್ತದೆ.

ಥರ್ಮಾಮೀಟರ್ ನಂಬಿಕೆಗೆ ಅರ್ಹವಾ? ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ಅದನ್ನು ಮಾಡಿರುವುದೇ 37-39ರ ಆಸುಪಾಸಿಗೆ, ಒಳ್ಳೆಯದರಲ್ಲಿ ತಪ್ಪು 0.1 ಡಿಗ್ರಿ ಮಾತ್ರ. ಪಂಪ್ ಓಡುತ್ತಿರುವಾಗ ಅದರ ತುದಿಯನ್ನು ಸೆನ್ಸರಿನ ಪಕ್ಕ ಹಿಡಿದು ಬೀಪ್ ಬರುವವರೆಗೆ ಕಾಯಿರಿ. ಕಂಟ್ರೋಲರ್ 38.0 ಅಂತಿದ್ದು ಇದು 37.6 ಅಂದರೆ, ಕಂಟ್ರೋಲರಿನ ಆಫ್‌ಸೆಟ್‌ನಲ್ಲಿ (ತೋರಿಸುವ ಅಂಕಿಯನ್ನು ತಿದ್ದುವ ಸೆಟ್ಟಿಂಗ್‌ನಲ್ಲಿ) 0.4 ಕಡಿಮೆ ಮಾಡಿ. ಕೋಣೆ ತಣ್ಣಗಿರುವ ದಿನ ಬಾಟಲಿಯೊಳಗಿನ ಡಿಗ್ರಿ ನೀರಿಗಿಂತ ಸ್ವಲ್ಪ ಕಡಿಮೆ ನಿಲ್ಲುತ್ತದೆ. ಆದ್ದರಿಂದ ಸುರಿಯುವ ಮುಂಚೆ ಬಾಟಲಿಯನ್ನು ಒಮ್ಮೆ ನಿಧಾನಕ್ಕೆ ತಿರುವಿ, ಅದರೊಳಗೇ ಅಳೆಯಿರಿ.

ಬ್ಲೀಚ್, ಫಿಕ್ಸರ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 35ರಿಂದ 40 ಡಿಗ್ರಿ ಒಳಗಿದ್ದರೆ ಸಾಕು, ಅವನ್ನು ಪೆಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿ. ತೊಳೆಯುವ ನೀರು 24ರಿಂದ 41ರವರೆಗೆ ನಡೆಯುತ್ತದೆ. ಜಾಗವೂ ಕಾವೂ ಕಡಿಮೆ ಇರುವಾಗ ಪಂಪಿನ ಎದುರಿನ ಒಳ್ಳೆಯ ಜಾಗ ಡೆವಲಪರಿಗೇ ಸಲ್ಲಬೇಕು.

ಕೆಲಸ ಮುಗಿದ ತಕ್ಷಣ ಡೆವಲಪರ್ ಬಾಟಲಿಯನ್ನು ಬಿಸಿನೀರಿನಿಂದ ಹೊರಗಿಡಿ. ಬೆಚ್ಚಗಿದ್ದಷ್ಟು ಹೊತ್ತೂ ಅದು ಗಾಳಿಯೊಂದಿಗೆ ಬೇಗ ಬೆರೆತು ಕೆಡುತ್ತಿರುತ್ತದೆ. ಕಂಠದವರೆಗೆ ತುಂಬುವ ಚಿಕ್ಕ ಬಾಟಲಿಗೆ ಸುರಿದು, ಮುಚ್ಚಳ ಬಿಗಿಮಾಡಿ, ಕತ್ತಲಲ್ಲಿ ಇಡಿ. ಹೀಟರಿನ ಪ್ಲಗ್ ಕಿತ್ತು, ಅದು ನೀರಿನಲ್ಲೇ ತಣ್ಣಗಾಗುವವರೆಗೆ ಬಿಟ್ಟು, ಆಮೇಲೆ ಡಬ್ಬ ಖಾಲಿ ಮಾಡಿ.