40 ಡಿಗ್ರಿಗೆ ಇಟ್ಟರೂ ಕುದಿಯುತ್ತಿದ್ದ ವಾಷಿಂಗ್ ಮಷೀನ್: ನಾನು ಸರಿ ಮಾಡಿದ್ದು ಹೀಗೆ

ಮಷೀನನ್ನು ನಡೆಸೋ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಅಂತ ಎಲ್ಲರೂ ಹೇಳಿದರು. ಟೆಕ್ನಿಷಿಯನ್ ಹೇಳಿದರು, ಎಲೆಕ್ಟ್ರಾನಿಕ್ಸ್ ಗೊತ್ತಿರೋ ಸ್ನೇಹಿತರೂ ಹೇಳಿದರು. ಆ ಬೋರ್ಡಿಗೆ ಹೆಚ್ಚುಕಮ್ಮಿ ಹೊಸ ಮಷೀನಿನ ಅರ್ಧ ದುಡ್ಡು. ಈಗ ಅದೇ ಹಳೇ ಬೋರ್ಡಿನಲ್ಲಿ ಮಷೀನ್ ಆರಾಮಾಗಿ ಓಡ್ತಾ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಇದು ಫ್ರಂಟ್ ಲೋಡ್ ಮಷೀನ್. 40 ಡಿಗ್ರಿಗೆ ಇಟ್ಟರೆ ಬಾಗಿಲಿನ ಗಾಜು ಮುಟ್ಟೋಕಾಗದಷ್ಟು ಸುಡುತ್ತಿತ್ತು, ಸೋಪಿನ ಡ್ರಾಯರಿನಿಂದ ಹಬೆ ಬರುತ್ತಿತ್ತು. ಎರರ್ ಕೋಡ್ ಮಾತ್ರ ಒಂದೂ ಇಲ್ಲ. ಮೊದಲು ನೀರಿನ ಬಿಸಿ ಅಳೆಯೋ ಸೆನ್ಸರ್ ಬದಲಾಯಿಸಿದರು. ಏನೂ ಆಗಲಿಲ್ಲ. ಆಮೇಲೆ ಸುಣ್ಣ ಕಟ್ಟಿದೆ ಅಂತ ಹೀಟರ್ ಬದಲಾಯಿಸಿದರು. ಆಗಲೂ ಅಷ್ಟೇ. ಪಾರ್ಟುಗಳ ದುಡ್ಡು, ವಿಸಿಟ್ ಚಾರ್ಜು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬೋರ್ಡಿನ ಮಾತು ಬಂದಾಗ ಸಾಕಪ್ಪಾ ಅನ್ನಿಸಿ ನಾನೇ ಕವರ್ ಬಿಚ್ಚಿದೆ.

ಮೊದಲು ರಿಲೇ, ಅಂದರೆ ಹೀಟರನ್ನು ಆನ್-ಆಫ್ ಮಾಡೋ ಬೋರ್ಡಿನ ಸ್ವಿಚ್, ಆನ್ ಆಗೇ ಅಂಟಿಕೊಂಡಿದೆಯಾ ಅಂತ ನೋಡಬೇಕಲ್ವಾ. ತಣ್ಣೀರಿನ ಪ್ರೋಗ್ರಾಮ್ ಹಾಕಿ ಹೀಟರ್ ವೈರಿಗೆ ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರ್ ಹಿಡಿದೆ. ಸೊನ್ನೆ. 40ಕ್ಕೆ ಇಟ್ಟೆ, ಎಂಟೂವರೆ ಆಂಪ್ಸ್ ಹತ್ತಿರ ಬಂತು. 2 ಕಿಲೋವ್ಯಾಟ್ ಹೀಟರಿಗೆ ಸರಿಯಾಗೇ ಇದೆ. ಹತ್ತು ಲೀಟರ್ ನೀರನ್ನು 25ರಿಂದ 40ಕ್ಕೆ ತರೋಕೆ ಇದಕ್ಕೆ ಐದಾರು ನಿಮಿಷ ಸಾಕು, ಬಟ್ಟೆ, ಡ್ರಮ್ ಸೇರಿ ಎಂಟು ಅನ್ನಿ. ಹದಿನೈದು ನಿಮಿಷ ಕಳೆದರೂ ಕರೆಂಟ್ ನಿಲ್ಲಲಿಲ್ಲ, ಕೊನೆಗೆ ನಾನೇ ಪ್ಲಗ್ ಕಿತ್ತೆ. ಅಂದರೆ ರಿಲೇ ಹೇಳಿದ ಮಾತು ಕೇಳುತ್ತಿದೆ, ನೀರು ಬಿಸಿಯಾದ ಸುದ್ದಿಯೇ ಬೋರ್ಡಿಗೆ ಮುಟ್ಟುತ್ತಿಲ್ಲ.

ಇಲ್ಲಿಂದ ಮುಂದೆ ನನ್ನ ತಲೆ ಓಡಿದ್ದು. ಸೆನ್ಸರ್ ವೈರ್ ತೆಗೆದು ಬೋರ್ಡಿನ ಪಿನ್ನಿಗೇ 2.2 ಕಿಲೋ ಓಮ್ ರೆಸಿಸ್ಟರ್ ಸಿಕ್ಕಿಸಿದೆ. ಈ ಸೆನ್ಸರಿನ ರೆಸಿಸ್ಟೆನ್ಸ್ 25 ಡಿಗ್ರಿಯಲ್ಲಿ ಸುಮಾರು 5ಕೆ (5 ಕಿಲೋ ಓಮ್), ಬಿಸಿಯಾದಷ್ಟೂ ಇಳಿಯುತ್ತೆ. 2.2ಕೆ ಅಂದರೆ ಬೋರ್ಡಿನ ಪಾಲಿಗೆ ನೀರು ಆಗಲೇ 45ರ ಹತ್ತಿರ. 40ರ ಪ್ರೋಗ್ರಾಮಿನಲ್ಲಿ ಹೀಟರ್ ಆನ್ ಆಗಲೇ ಇಲ್ಲ! 4.7ಕೆ ಹಾಕಿದೆ, ಆನ್ ಆಯಿತು. ತಕ್ಷಣ ಆಫ್ ಮಾಡಿದೆ. ಹಾಗೇ ಬಿಟ್ಟರೆ ನೀರು ನಿಜಕ್ಕೂ ಕುದಿಯುತ್ತೆ, ಹುಷಾರು. ಅರ್ಧ ಮಷೀನ್ ಬೆಲೆಯ ಬೋರ್ಡ್ ಚೆನ್ನಾಗಿದೆ ಅಂತ ಗೊತ್ತಾಗಿದ್ದು ಚಿಲ್ಲರೆ ಕಾಸಿನ ರೆಸಿಸ್ಟರಿನಿಂದ.

ಸೆನ್ಸರಿನ ಕಾಲಲ್ಲಿ ಅಳೆದರೆ 5ಕೆ ಹತ್ತಿರ. ವೈರಿನ ಆ ತುದಿಯಲ್ಲಿ, ಬೋರ್ಡ್ ಕಡೆ ಅಳೆದರೆ 8ಕೆ. ನಡುವೆ 3ಕೆ ಎಲ್ಲಿಂದ ಬಂತು? 40 ಡಿಗ್ರಿ ಅನ್ನಬೇಕಾದರೆ ಬೋರ್ಡಿಗೆ 2.6ಕೆ ಕಾಣಬೇಕು. ದಾರಿಯಲ್ಲೇ 3ಕೆ ಕೂತಿರುವಾಗ ನೀರು ಕುದ್ದರೂ ಬೋರ್ಡಿಗೆ 2.6ಕೆ ಕಾಣಲ್ಲ. ತಣ್ಣಗಿದ್ದಾಗ ಕಾಣೋ 8ಕೆ ಕೂಡ 15 ಡಿಗ್ರಿ ನೀರಿನ ಹಾಗೇ ಇರುತ್ತೆ, ಎರರ್ ಕೋಡ್ ಯಾಕೆ ಬರುತ್ತೆ?

ವೈರ್ ಹಿಡಿದುಕೊಂಡು ಹೋದೆ. ನಡುವೆ ಒಂದು ಪುಟ್ಟ ಕನೆಕ್ಟರ್, ಪಿನ್ನಿನ ಮೇಲೆ ಹಸಿರು ಪುಡಿ. ಆ 3ಕೆ ಇಲ್ಲೇ ಕೂತಿತ್ತು. ಅದರ ನೇರ ಮೇಲೆ ಡ್ರಾಯರಿನ ಹೋಸು, ಕ್ಲಿಪ್ ಸಡಿಲ. ಪ್ರತಿ ವಾಷಿಗೂ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಹೊಸ ಬೋರ್ಡ್ ಹಾಕಿದ್ದರೂ ಇದೇ ಕತೆ.

ಕನೆಕ್ಟರ್ ಕತ್ತರಿಸಿ ಎಸೆದೆ. ಬೆಸುಗೆ ಬೇಡ, ಡ್ರಮ್ ಅದುರೋದಕ್ಕೆ ಬಿರುಕು ಬಿಡುತ್ತೆ, ವೈರುಗಳನ್ನು ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸಿ) ಮೇಲೆ ಬಿಸಿಗೆ ಬಿಗಿಯಾಗೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಸ್ಲೀವಿನ ಒಳಗೆ ನೀರು ಹೋಗದ ಹಾಗೆ ಏನು ತುಂಬಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕ್ಲಿಪ್ ಹೊಸದು. ಡ್ರೈನ್ ನೀರು ಬಕೆಟಿಗೆ ಹಿಡಿದು ನೋಡಿದರೆ 40ರ ಆಸುಪಾಸು.

ಕಿತ್ತುಹಾಕಿದ್ದ ಹಳೇ ಹೀಟರನ್ನು ಸುಮ್ನೆ ಸಿಟ್ರಿಕ್ ಆಸಿಡ್ ಹಾಕಿದ ಬಿಸಿನೀರಲ್ಲಿ ಮುಳುಗಿಸಿಟ್ಟೆ. ವಿನೆಗರ್‌ಗಿಂತ ಬೇಗ ಸುಣ್ಣ ಬಿಟ್ಟಿತು. ಅಳೆದರೆ 26-27 ಓಮ್, 2 ಕಿಲೋವ್ಯಾಟಿಗೆ ಸರಿಯಾಗೇ ಇದೆ, ಅರ್ತ್ ಲೀಕೇಜ್ (ಹೀಟರಿನ ಮೈಗೆ ಕರೆಂಟ್ ಸೋರೋದು) ಇಲ್ಲ, ಪಕ್ಕಾ! ಟೆಕ್ನಿಷಿಯನ್ ಈಗ ಅದನ್ನು ಕೇಳುತ್ತಿದ್ದಾರೆ. ಕೊಡಲ್ಲ ಅಂದಿದ್ದೇನೆ.