ಪಾಲುದಾರರ ಸಂಬಳ: ನಮ್ಮ ಪತ್ರದಲ್ಲಿದ್ದ ಒಂದು ಸಾಲು

ನಾನು, ನನ್ನ ಭಾವ ಸೇರಿ ದಾವಣಗೆರೆಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇವೆ. ಪಾಲುದಾರಿಕೆ ಫರ್ಮ್. ತಲಾ 25,000 ತಿಂಗಳ ಸಂಬಳ ತೆಗೆದುಕೊಂಡು, ಅದನ್ನು ಫರ್ಮಿನ ಖರ್ಚಿಗೆ ಬರೆಯುತ್ತಿದ್ದೆವು.

ಹೊಸ ಆಡಿಟರ್ ಪಾಲುದಾರಿಕೆ ಪತ್ರ ಕೇಳಿದರು. ಮೂರನೇ ಪುಟದ ಮೇಲೆ ಬೆರಳಿಟ್ಟು, "ಇದು ನಡೆಯಲ್ಲ" ಅಂದರು. ಅಲ್ಲಿದ್ದದ್ದು ಇಷ್ಟೇ: ‘ಸಂಬಳವನ್ನು ಪಾಲುದಾರರು ಆಗಾಗ ಮಾತಾಡಿಕೊಂಡು ನಿರ್ಧರಿಸತಕ್ಕದ್ದು.’ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 40(ಬಿ) ಪ್ರಕಾರ, ಫರ್ಮಿನ ತೆರಿಗೆ ಲೆಕ್ಕದಲ್ಲಿ ಈ ಸಂಬಳವನ್ನು ಖರ್ಚಾಗಿ ಕಳೆಯಬೇಕಾದರೆ ಮೊತ್ತವೋ, ಲೆಕ್ಕ ಹಾಕುವ ರೀತಿಯೋ ಪತ್ರದಲ್ಲೇ ಇರಬೇಕಂತೆ.

ಸ್ಟಾಂಪ್ ಪೇಪರ್ ತಂದು ತಿದ್ದುಪಡಿ ಪತ್ರ ಮಾಡಿಸಿದೆವು. 2025ರ ಏಪ್ರಿಲ್ 1ರಿಂದ ತಲಾ 25,000 ಅಂತ ಸ್ಪಷ್ಟವಾಗಿ ಬರೆಸಿದೆವು. ಹಿಂದಿನ ದಿನಾಂಕಕ್ಕೆ ಅನ್ವಯಿಸಲ್ಲ, ಹಳೇ ವರ್ಷದ ಸಂಬಳ ಕಳೆಯುವ ಅವಕಾಶ ಹೋಯಿತು.

ಹೀಗೆ ಕಳೆಯಬಹುದಾದ ಸಂಬಳಕ್ಕೆ ಮಿತಿಯೂ ಇದೆ. ಸಂಬಳ ಕಳೆಯುವ ಮೊದಲಿನ ನಮ್ಮ ಲಾಭ 8 ಲಕ್ಷ. ಮೊದಲ 6 ಲಕ್ಷಕ್ಕೆ ಶೇ. 90, ಉಳಿದದ್ದಕ್ಕೆ ಶೇ. 60. ಒಟ್ಟು 6,60,000. ಇಬ್ಬರದ್ದೂ ಸೇರಿ 6 ಲಕ್ಷ, ಸರಿಹೋಯಿತು. ಫರ್ಮಿಗೆ ಶೇ. 30 ತೆರಿಗೆ ಅಲ್ವಾ, ಸೆಸ್ ಸೇರಿ 1,87,200 ರೂಪಾಯಿ ಕಡಿಮೆಯಾಯಿತು!

ಆದರೆ ಹೆಸರಿಗಷ್ಟೇ ಸಂಬಳ. ನಮ್ಮ ಕೈಗೆ ಬಂದಾಗ ಅದು ವ್ಯಾಪಾರದ ಆದಾಯ. ಸಂಬಳದಾರರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗಲ್ಲ, ರಿಟರ್ನ್‌ಗೆ ಐಟಿಆರ್-3 ಫಾರ್ಮ್ ತುಂಬಬೇಕು. ವರ್ಷಕ್ಕೆ 20,000 ದಾಟಿದರೆ ಫರ್ಮ್ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕೂಡ ಹಿಡಿಯಬೇಕು. "ನಮ್ಮ ದುಡ್ಡಿಗೆ ನಾವೇ ಟಿಡಿಎಸ್ಸಾ?" ಅಂತ ಭಾವ ಇನ್ನೂ ಗೊಣಗುತ್ತಿದ್ದಾರೆ.