ಮಕ್ಕಳ ಆಸ್ಪತ್ರೆಗೆ ಹೊಸದಾಗಿ ಸೇರುವ ರೆಸಿಡೆಂಟ್‌ಗಳಿಗೆ

ಎಂಡಿ ಸೀಟು ಹಂಚುವ ಕೌನ್ಸೆಲಿಂಗ್ ಮುಗಿದ ವಾರ ಯಾರಾದರೂ ಜೂನಿಯರ್ ಫೋನ್ ಮಾಡೇ ಮಾಡುತ್ತಾರೆ. ಬೆಂಗಳೂರಿನಲ್ಲಿ ಪೀಡಿಯಾಟ್ರಿಕ್ಸ್ ಸೀಟು ಸಿಕ್ಕಿದೆ, ಸೇರುವುದರೊಳಗೆ ಏನು ಓದಿಕೊಳ್ಳಲಿ ಅಂತ. ಏನೂ ಬೇಡ, ಊರಿಗೆ ಹೋಗಿ ಅಮ್ಮನ ಕೈ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಬನ್ನಿ ಅಂತ ಹೇಳುತ್ತೇನೆ. ರೆಸಿಡೆಂಟ್ ಆಗಿ ಡ್ಯೂಟಿ ಮಾಡುತ್ತಾ ಓದುವ ಎಂಡಿ ಮೂರು ವರ್ಷ, ಓದು ಆಗುತ್ತದೆ. ಆದರೆ ಮೊದಲ ದಿನದಿಂದಲೇ ಬೇಕಾಗುವ ಕೆಲವು ಅಭ್ಯಾಸಗಳಿವೆ. ಡ್ಯೂಟಿಯ ಗಡಿಬಿಡಿಯಲ್ಲಿ ಅವನ್ನು ಕೂರಿಸಿಕೊಂಡು ಹೇಳಿಕೊಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ತೂಕ. ದೊಡ್ಡವರ ವಾರ್ಡಿನಲ್ಲಿ ಒಂದು ಮಾತ್ರೆ ಅಂದರೆ ಎಲ್ಲರಿಗೂ ಹೆಚ್ಚುಕಡಿಮೆ ಅದೇ ಮಾತ್ರೆ. ಇಲ್ಲಿ ಹಾಗಲ್ಲ. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, 900 ಗ್ರಾಂ ಕೂಸು ಇರುತ್ತದೆ, ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ 50 ಕೆಜಿ ತೂಗುವ ಹೈಸ್ಕೂಲ್ ಹುಡುಗ ಮಲಗಿರುತ್ತಾನೆ. ಔಷಧಿ, ಡ್ರಿಪ್ಪು ಎಲ್ಲಾ ಕೆಜಿ ಲೆಕ್ಕ. ಆದ್ದರಿಂದ ತಾಯಿ ಹೇಳಿದ ತೂಕ, ಹಳೇ ಚೀಟಿಯಲ್ಲಿದ್ದ ತೂಕ ಬರೆದುಕೊಂಡು ಮುಂದೆ ಹೋಗಬೇಡಿ. ನೀವೇ ತೂಗಿ, ಕೇಸ್ ಶೀಟಿನ ಮೇಲ್ಗಡೆ ದೊಡ್ಡದಾಗಿ ಬರೆಯಿರಿ.

ಲೆಕ್ಕ ಸರಿ ಇದ್ದರೂ ತಪ್ಪು ಆಗಬಹುದು. ನಾನು ಸೇರಿದ ಮೊದಲ ತಿಂಗಳು, ಒಂದು ರಾತ್ರಿ, 8 ಕೆಜಿಯ ಮಗುವಿಗೆ ಜ್ವರ. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ, ಅಂದರೆ 120. ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಇರುತ್ತದೆ ಅಂತ ಶೀಟಿನಲ್ಲಿ 'ಪ್ಯಾರಾಸಿಟಮಾಲ್ 5 ಎಂಎಲ್' ಅಂತ ಬರೆದು ಇನ್ನೊಂದು ಮಗುವಿನ ಹತ್ತಿರ ಹೋದೆ. ಐದು ನಿಮಿಷಕ್ಕೆ ಸಿಸ್ಟರ್ ಬಂದರು. ಒಂದು ಕೈಯಲ್ಲಿ ಶೀಟು, ಇನ್ನೊಂದರಲ್ಲಿ ಡ್ರಾಪರ್ ಇರುವ ಪುಟ್ಟ ಬಾಟಲಿ. "ಡಾಕ್ಟ್ರೇ, ವಾರ್ಡಿನಲ್ಲಿ ಇರೋದು ಡ್ರಾಪ್ಸು. ಇದನ್ನ ಐದು ಎಂಎಲ್ ಕೊಡಬೇಕಾ?" ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. ಐದು ಎಂಎಲ್ ಅಂದರೆ 500. ಕೊಡಬೇಕಾಗಿದ್ದು 1.2 ಎಂಎಲ್. ಆ ಸಿಸ್ಟರ್ ಕೇಳದೆ ಕೊಟ್ಟಿದ್ದರೆ ಅಂತ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಅವತ್ತಿನಿಂದ ಮೊದಲು ಮಿಲಿಗ್ರಾಂ, ಆಮೇಲೆ ಬಾಟಲಿಯ ಸ್ಟ್ರೆಂತ್, ಕೊನೆಗೆ ಎಂಎಲ್ ಬರೆಯುತ್ತೇನೆ. ನೀವೂ ಹಾಗೇ ಮಾಡಿ. ಡಿಸ್ಚಾರ್ಜ್ ಮಾಡುವಾಗ ತಾಯಿಯ ಕೈಗೇ ಸಿರಿಂಜ್ ಕೊಟ್ಟು ಎಷ್ಟು ಎಳೆಯಬೇಕು ಅಂತ ಗೆರೆ ತೋರಿಸಿ, ಒಂದು ಸಲ ಅವರಿಂದಲೇ ಎಳೆಸಿ. ಮನೆಯಲ್ಲಿ ಡ್ರಾಪ್ಸು, ಸಿರಪ್ಪು ಎರಡೂ ಇರುತ್ತವೆ, ಅಳತೆಗೆ ಅಡುಗೆಮನೆ ಚಮಚ ಇರುತ್ತದೆ. ಇನ್ನು ಸಿಸ್ಟರ್ ಏನಾದರೂ ಪ್ರಶ್ನೆ ಕೇಳಿದರೆ ಯಾವತ್ತೂ ಮುಖ ಗಂಟು ಹಾಕಿಕೊಳ್ಳಬೇಡಿ. ಒಂದು ಸಲ ಗದರಿದರೆ ಮುಂದಿನ ಸಲ ಅವರು ಕೇಳುವುದೇ ಇಲ್ಲ.

ಎರಡನೆಯದು, ಮುಟ್ಟುವ ಮೊದಲು ನೋಡಿ. ಮಗು ತಾಯಿಯ ತೊಡೆ ಮೇಲೆ ಇರಲಿ, ನೀವು ನಾಲ್ಕು ಹೆಜ್ಜೆ ದೂರ ನಿಂತುಕೊಳ್ಳಿ. ನಿಮ್ಮ ಕಡೆ ನೋಡುತ್ತಿದೆಯಾ, ತಾಯಿಗೆ ಅಂಟಿಕೊಂಡಿದೆಯಾ ಅಥವಾ ಕೈಕಾಲು ಜೋಲು ಬಿಟ್ಟಿದೆಯಾ? ಪಕ್ಕೆ ಒಳಗೆ ಹೋಗುತ್ತಿದೆಯಾ? ಬಣ್ಣ ಹೇಗಿದೆ? ಅರ್ಧ ನಿಮಿಷದ ಕೆಲಸ ಇದು, ಇಷ್ಟರಲ್ಲೇ ಮಗು ಎಷ್ಟು ಸೀರಿಯಸ್ ಅಂತ ಬಹುಪಾಲು ತಿಳಿಯುತ್ತದೆ. ಆಮೇಲೆ ಅಂಗಿ ಎತ್ತಿಸಿ ಉಸಿರು ಎಣಿಸಿ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಯಾಕೆಂದರೆ ಸಣ್ಣ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60, 2 ತಿಂಗಳಿಂದ ಒಂದು ವರ್ಷದವರೆಗೆ 50, ಅಲ್ಲಿಂದ 5 ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಉಸಿರಾಟ ಜೋರಾಗಿದೆ ಅಂತ. ಮಗು ಒಮ್ಮೆ ಅಳಲು ಶುರು ಮಾಡಿದರೆ ಈ ಲೆಕ್ಕ ಕೈಬಿಟ್ಟಂತೆ, ಹಾಗಾಗಿ ಸ್ಟೆತಾಸ್ಕೋಪ್ ಎರಡನೇ ಸರದಿಗೆ, ಕಿವಿ ಗಂಟಲು ಕಟ್ಟಕಡೆಗೆ.

ತಾಯಿಯ ಮಾತಿಗೆ ಕಿವಿ ಕೊಡಿ. ಇದನ್ನು ಸುಮ್ನೆ ಒಳ್ಳೆಯತನಕ್ಕೆ ಹೇಳುತ್ತಿಲ್ಲ. ಮಳೆಗಾಲದಲ್ಲಿ ಬೆಂಗಳೂರಿನ ಮಕ್ಕಳ ವಾರ್ಡುಗಳಲ್ಲಿ ಡೆಂಗಿ ಜಾಸ್ತಿ ಅಲ್ವಾ, ಅಂಥ ಒಂದು ದಿನ ಆರು ವರ್ಷದ ಹುಡುಗನಿಗೆ ಐದನೇ ದಿನ ಜ್ವರ ಬಿಟ್ಟಿತ್ತು. ಬಿಪಿ ಸರಿ ಇತ್ತು. ನಾನು ಖುಷಿಯಾಗಿ ಮುಂದಿನ ಮಂಚಕ್ಕೆ ಹೊರಟಿದ್ದೆ. ಅವರಮ್ಮ ಸೆರಗು ಹಿಡಿದುಕೊಂಡು ಮೆಲ್ಲಗೆ, "ಮೇಡಂ, ಇವನು ಯಾವತ್ತೂ ಹೀಗೆ ಸುಮ್ಮನೆ ಮಲಗೋನಲ್ಲ" ಅಂದರು. ವಾಪಸ್ ಬಂದು ಪಾದ ಮುಟ್ಟಿದೆ, ಮಂಜಿನ ಹಾಗೆ ತಣ್ಣಗಿತ್ತು. ನಾಡಿ ಓಡುತ್ತಿತ್ತು, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಹಿಮಟೋಕ್ರಿಟ್ ಏರಿತ್ತು. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೇ, ರಕ್ತನಾಳದಿಂದ ನೀರಿನಂಶ ಸೋರುವುದು ಆಗಲೇ, ಮತ್ತು ಮಕ್ಕಳ ದೇಹ ಬಿಪಿಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಬಿಪಿ ಬೀಳುವವರೆಗೆ ಕಾದರೆ ತಡವಾಯಿತು ಅಂತಲೇ ಅರ್ಥ. ತಕ್ಷಣ ಫ್ಲೂಯಿಡ್ ಶುರು ಮಾಡಿ ಸೀನಿಯರ್‌ನ ಕರೆದೆವು. ಎರಡು ದಿನದ ಮೇಲೆ ಅದೇ ಹುಡುಗ ಉಪ್ಪಿಟ್ಟು ಬೇಡ, ದೋಸೆನೇ ಬೇಕು ಅಂತ ಹಠ ಮಾಡುತ್ತಿದ್ದ.

ಮಾತು ಅರ್ಥ ಆಗಬೇಕೆಂದರೆ ಅವರ ಪದ ಗೊತ್ತಿರಬೇಕು. 'ಹಾಲು ಕಚ್ತಿಲ್ಲ', 'ಮಂಕಾಗಿದೆ', 'ಪಕ್ಕೆ ಎಳೀತಿದೆ', 'ಬೆಳಗ್ಗೆಯಿಂದ ಉಚ್ಚೆ ಹೊಯ್ದಿಲ್ಲ', ಇವು ಸಾಮಾನ್ಯ ದೂರುಗಳಲ್ಲ, ಒಂದೊಂದೂ ನಿಮ್ಮನ್ನು ಓಡಿಸಬೇಕಾದ ಮಾತು. ರಾಯಚೂರು ಕಡೆಯಿಂದ ರೆಫರ್ ಆಗಿ ಬಂದ ತಾಯಿ 'ಕೂಸು ಮೊಲಿ ಕುಡಿವಲ್ದ್ರಿ' ಅಂದರೆ ಅದೂ ಅಷ್ಟೇ. ಇಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಎಲ್ಲಾ ಕಿವಿಗೆ ಬೀಳುತ್ತದೆ. ಹಾಲು ಕುಡಿಯುತ್ತಾ, ಉಚ್ಚೆ ಯಾವಾಗ ಹೋಯಿತು, ಜ್ವರ ಎಷ್ಟು ದಿನ, ಫಿಟ್ಸ್ ಬಂತಾ, ಬೇಧಿ ಎಷ್ಟು ಸಲ, ಈ ಐದು ಪ್ರಶ್ನೆ ಎಲ್ಲಾ ಭಾಷೆಯಲ್ಲೂ ಕಲಿತುಬಿಡಿ. ತಾಯಿ ಕಾರ್ಡ್ ಕೇಳಲು ಮರೆಯಬೇಡಿ, ಎಷ್ಟೋ ಸಲ ಅದು ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿರುತ್ತದೆ, ಲಸಿಕೆಯ ವಿವರ ಅದರಲ್ಲೇ ಸಿಗುತ್ತದೆ. ಬಜೆ ತೇಯ್ದು ನೆಕ್ಕಿಸಿದ್ದೀರಾ, ಬೇರೆ ಏನಾದರೂ ಕೊಟ್ಟಿದ್ದೀರಾ ಅಂತಲೂ ಕೇಳಿ. ಬೈಯುವ ದನಿಯಲ್ಲಿ ಕೇಳಿದರೆ ನಿಜ ಹೇಳುವುದಿಲ್ಲ.

ಡ್ರಿಪ್ಪಿಗೆ ರಕ್ತನಾಳದೊಳಗೆ ಲೈನ್ ಹಾಕುವುದು ಎಲ್ಲರಿಗೂ ಮೊದಲು ಕಷ್ಟ. ಸೂಜಿ ಹಳದಿ ಬಣ್ಣದ 24 ನಂಬರ್, ಪುಟ್ಟ ಕೂಸುಗಳಿಗೆ ನೇರಳೆ ಬಣ್ಣದ 26. ಟೇಪು ಮೊದಲೇ ಕತ್ತರಿಸಿಟ್ಟುಕೊಳ್ಳಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತಣ್ಣಗಿರುವ ಕೈಯನ್ನು ಬೆಚ್ಚಗೆ ಮಾಡಿ. ಎರಡು ಸಲ ಸಿಗಲಿಲ್ಲ ಅಂದರೆ ಬೇರೆಯವರನ್ನು ಕರೆಯಿರಿ. ಮೂರನೇ ಚುಚ್ಚು ನಿಮ್ಮ ಹಠಕ್ಕೆ ಹೊರತು ಮಗುವಿಗಲ್ಲ.

ಹೆರಿಗೆ ಕೊಠಡಿಯಿಂದ ಕರೆ ಬಂದರೆ, ಕೂಸು ಹುಟ್ಟುವ ಮೊದಲೇ ಉಸಿರು ಕೊಡುವ ಬ್ಯಾಗು ಮಾಸ್ಕು ಒತ್ತಿ ನೋಡಿ, ಕೂಸನ್ನು ಬೆಚ್ಚಗಿಡುವ ವಾರ್ಮರ್ ಆನ್ ಆಗಿದೆಯಾ ನೋಡಿ. ಹುಟ್ಟಿದ ಮೊದಲ ಒಂದು ನಿಮಿಷವೇ ಮುಖ್ಯ. ಒರೆಸಿ, ಬೆನ್ನು ಸವರಿ, ಆದರೂ ಉಸಿರಾಡಲಿಲ್ಲ ಅಂದರೆ ಆ ನಿಮಿಷದೊಳಗೆ ಬ್ಯಾಗಿಂಗ್ ಶುರುವಾಗಬೇಕು, ಎದೆ ಏಳುತ್ತಿದೆಯಾ ಅಂತ ನೋಡುತ್ತಾ. ಔಷಧಿ ಬೇಕಾಗುವ ಕೂಸುಗಳು ತೀರಾ ಕಡಿಮೆ. ಕೈಗೆ ಇದು ಒಗ್ಗುವವರೆಗೆ ಗೊಂಬೆಯ ಮೇಲೆ ಅಭ್ಯಾಸ ಮಾಡಿ, ವಾರಕ್ಕೆ ಒಂದು ಸಲವಾದರೂ.

ಮಗು ಉಳಿಯದ ದಿನಗಳೂ ಬರುತ್ತವೆ. ಕಾರಿಡಾರಿನಲ್ಲಿ ನಿಂತು ಹೇಳಬೇಡಿ. ಕೂರಿಸಿ, ನೀವೂ ಕೂತು, ಮಗುವಿನ ಹೆಸರು ಹಿಡಿದು ಹೇಳಿ. 'ತುಂಬಾ ಸೀರಿಯಸ್' ಅಂತ ಎಳೆಯಬೇಡಿ, 'ತೀರಿಕೊಂಡಿದ್ದಾನೆ' ಅನ್ನುವ ಪದವನ್ನೇ ಹೇಳಬೇಕು, ಇಲ್ಲದಿದ್ದರೆ ಅವರು ಇನ್ನೂ ಆಸೆ ಇಟ್ಟುಕೊಂಡಿರುತ್ತಾರೆ. ಅನುಮತಿ ಇದ್ದಾಗ ಟ್ಯೂಬ್ ತೆಗೆದು, ಪ್ಲಾಸ್ಟರಿನ ಅಂಟು ಒರೆಸಿ, ಮುಖ ತೊಳೆದು ತಾಯಿಯ ಮಡಿಲಿಗೆ ಕೊಡಿ. ಅವಸರ ಮಾಡಬೇಡಿ. ಆಮೇಲೆ ನೀವು ಹೋಗಿ ಏನಾದರೂ ತಿನ್ನಿ, ಜೊತೆಯವರ ಹತ್ತಿರ ಮಾತಾಡಿ.

ರಜೆ ಕೇಳಲು ಸಂಕೋಚ ಬೇಡ. 2023ರ ಪಿಜಿ ನಿಯಮದಲ್ಲೇ ವರ್ಷಕ್ಕೆ ಕನಿಷ್ಠ 20 ದಿನ ಕ್ಯಾಶುಯಲ್ ಲೀವ್ ಇದೆ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ರಜೆಯೂ ಇದೆ. ಥೀಸಿಸ್‌ಗೆ ನಿಮ್ಮ ವಾರ್ಡಿಗೆ ದಿನಾ ಬರುವ ಕಾಯಿಲೆಯನ್ನೇ ಆರಿಸಿಕೊಳ್ಳಿ, ಅಪರೂಪದ್ದನ್ನು ಹಿಡಿದರೆ ಕೇಸು ಸಿಗದೆ ಒದ್ದಾಡುತ್ತೀರಿ.

ಮೂರರಿಂದ ಐದನೇ ಸೆಮಿಸ್ಟರಿನೊಳಗೆ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆಸ್ಪತ್ರೆಯ ಡ್ಯೂಟಿ, ಬರುತ್ತದೆ. ಇದನ್ನು ಶಿಕ್ಷೆ ಅಂದುಕೊಳ್ಳುವವರೇ ಜಾಸ್ತಿ, ನನಗೆ ಮಾತ್ರ ಅದು ಬಹಳ ಕಲಿಸಿತು. ಅಲ್ಲಿ ರೆಫರ್ ಚೀಟಿ ಬರೆಯುವವರು ನೀವೇ. ತೂಕ, ಏನು ಔಷಧಿ ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಡ್ರಿಪ್ಪು ಎಷ್ಟು ಎಂಎಲ್ ಹೋಗಿದೆ, ಕೊನೆಯ ಸಲ ಉಚ್ಚೆ ಯಾವಾಗ ಹೋಯಿತು, ಇಷ್ಟು ಬರೆದು ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ. ರಾತ್ರಿ 2 ಗಂಟೆಗೆ ಬೆಂಗಳೂರಿನ ಕ್ಯಾಶುವಾಲ್ಟಿಯಲ್ಲಿ ನಿಂತು ಆ ಚೀಟಿ ಓದುವವರು ನಿಮ್ಮ ಹಾಗೇ ಒಬ್ಬ ಫಸ್ಟ್ ಇಯರ್.